ತೊಳೆದ ಪೆಟ್ಟಿಗೆ

ನಮ್ಮ ಬೀದಿಯ ಇಸ್ತ್ರಿಯಮ್ಮನ ಕೈಗೆ ಹೋದ ಬಟ್ಟೆ ಕಲೆಯೊಂದಿಗೆ ಹಿಂದಿರುಗಿದ್ದನ್ನು ಯಾರೂ ಕಂಡಿಲ್ಲ. ಮಸಿಯೋ, ಎಣ್ಣೆಯೋ, ತುಕ್ಕೋ, ಆಕೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, “ಎಲ್ಲಿಗೆ ಓಡ್ತೀಯೋ ನೋಡ್ತೀನಿ ಬಾ” ಎಂದು ಕಲೆಯನ್ನೇ ಗದರಿಸುತ್ತಿದ್ದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನ್ನ ಅಂಗಿಯ ತೋಳುಗಳಲ್ಲಿ ಕೆಂಪು ಶಾಯಿ ನಿಲ್ಲದೆ ಹೋದದ್ದು ಆಕೆಯ ದೆಸೆಯಿಂದ. ಆದರೆ ಬಟ್ಟೆಯನ್ನು ಹಿಂದಕ್ಕೆ ಕೊಡುವಾಗ ಆ ಕಲೆಯ ಸುದ್ದಿಯನ್ನು ಎತ್ತುತ್ತಿರಲಿಲ್ಲ. “ಶಾಯಿ ಹೋಯಿತೇನಮ್ಮ?” ಎಂದು ನಾನಾಗಿ ಕೇಳಿದರೂ, “ಯಾವ ಶಾಯಿ ಮೇಷ್ಟ್ರೇ?” ಎನ್ನುವಳು. ತೆಗೆದ ಕಲೆ ಮೊದಲಿನಿಂದಲೂ ಇರಲೇ ಇಲ್ಲ ಎಂಬಂತೆ ನಡೆದುಕೊಳ್ಳುವುದು ಆಕೆಯ ಕಸುಬಿನ ಮರ್ಯಾದೆ, ಅತ್ತೆಯಿಂದ ಕಲಿತದ್ದು. ಆ ಮರ್ಯಾದೆಯೇ ಒಂದು ವರ್ಷ ಆಕೆಯ ಕುತ್ತಿಗೆಗೆ ಬಂತು.

ಮನೆಯೆಂದರೆ ಒಂದರ ಹಿಂದೊಂದು ಎರಡು ಕೋಣೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಆಳುದ್ದದ ಇಸ್ತ್ರಿ ಮೇಜು, ಅತ್ತೆಯ ಕಾಲದ್ದು. ಅಗಲವಾದ ಹಲಗೆಗಳು ನಲವತ್ತು ವರ್ಷಗಳ ಶಾಖವನ್ನು ಕುಡಿದು ಕಬ್ಬಿಣದಂತಾಗಿದ್ದವು. ಹಿಂದಿನ ಕೋಣೆಯಲ್ಲಿ ಒಲೆ, ಕಪಾಟು, ಕಿಟಕಿಯ ಕೆಳಗೆ ಒಂದು ಮಂಚ. ಹಿತ್ತಲಿನಿಂದ ಹದಿನಾರು ಮೆಟ್ಟಿಲು ಏರಿದರೆ ತಾರಸಿ. ಅಲ್ಲಿ ಗಂಡನ ಜೇನುಪೆಟ್ಟಿಗೆಗಳು.

ಗಂಡನನ್ನು ಎಲ್ಲರೂ ಅಚ್ಚಿನಯ್ಯ ಎನ್ನುತ್ತಿದ್ದರು. ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸ ಅವರದು. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳು ಅವರ ಕೈಯಲ್ಲೇ ಸಿದ್ಧವಾಗುತ್ತಿದ್ದವು. “ಮೇಷ್ಟ್ರೇ, ನಾಲ್ಕನೇ ಪ್ರಶ್ನೆಗೆ ಉತ್ತರ ನಿಮಗೂ ಗೊತ್ತಿಲ್ಲ ಅನ್ಸುತ್ತೆ, ಮೂರು ಸಲ ಹೊಡೆದುಹಾಕಿ ಬರೆದಿದ್ದೀರಿ” ಎಂದು ನಗಿಸುತ್ತಿದ್ದರು. ಕಣ್ಣು ಬಿಡದೆ, ಮೊಳೆಯ ಮೇಲೆ ಹೆಬ್ಬೆರಳು ಆಡಿಸಿಯೇ ಅಕ್ಷರ ಯಾವುದೆಂದು ಹೇಳಬಲ್ಲವರು. ಕೊನೆಗೆ ಆ ಬೆರಳೊಂದೇ ಉಳಿಯಿತು, ಕಣ್ಣು ಹೋಯಿತು. ನರ ಒಣಗಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಿಂದ ಬಂದವರು ಮಂಚ ಹಿಡಿದರು. ಗೋಡೆಯ ಕಡೆಗೆ ಮುಖ ತಿರುಗಿಸಿ ಮೂರು ತಿಂಗಳು ಮಲಗಿದರು. ತಟ್ಟೆ ತಂದಿಟ್ಟರೆ ಎರಡು ತುತ್ತು, ಮಾತಾಡಿಸಿದರೆ ಒಂದು ಹೂಂ. ಇಸ್ತ್ರಿಯಮ್ಮ ಬೈದಳು, ಅತ್ತಳು, ಮುದ್ರಣಾಲಯದ ಗೆಳೆಯರನ್ನು ಕರೆಸಿದಳು. ಯಾವುದಕ್ಕೂ ಅವರು ಈ ಕಡೆ ಹೊರಳಲಿಲ್ಲ. ಒಂದು ಬೆಳಗ್ಗೆ ಆಕೆ ತಾರಸಿಯಲ್ಲಿ ಬಟ್ಟೆ ಹರವಿ ಬಂದಾಗ ಸೆರಗಿನ ಮಡಿಕೆಯಲ್ಲಿ ಒಂದು ಜೇನುನೊಣ ಸಿಕ್ಕಿಕೊಂಡು ಬಂತು. ಕೋಣೆಯೊಳಗೆ ಅದು ಗುಂಯ್ ಎಂದು ಸುತ್ತತೊಡಗಿದ್ದೇ ತಡ, ಅಚ್ಚಿನಯ್ಯ ಎದ್ದು ಕುಳಿತರು.

“ಕಿಟಕಿ ತೆಗೆಯೇ. ಪಾಪ, ದಾರಿ ತಪ್ಪಿದೆ” ಎಂದರು. ಮೂರು ತಿಂಗಳ ಮೇಲೆ ಅವರಾಡಿದ ಮೊದಲ ಪೂರ್ತಿ ಮಾತು ಅದು.

ಆ ದಿನ ಗೋಡೆ ಹಿಡಿದು ಹದಿನಾರು ಮೆಟ್ಟಿಲು ಹತ್ತಿದರು. ಅಂದಿನಿಂದ ದಿನವೂ ಹತ್ತಿದರು. ಪೆಟ್ಟಿಗೆಗೆ ಕಿವಿಯಿಟ್ಟು ಒಳಗಿನ ಸುಖದುಃಖ ಹೇಳುವರು. ಕೆಳಗಿಳಿದ ಮೇಲೆ ಸ್ನಾನ, ಊಟ, ಹೆಂಡತಿಯೊಡನೆ ಎರಡು ಕುಚೋದ್ಯ. ಆದರೆ ಕಣ್ಣಿಲ್ಲದವರ ಆರೈಕೆಯಲ್ಲಿ ಇದ್ದ ನಾಲ್ಕು ಗೂಡುಗಳಲ್ಲಿ ಮೂರು ಉಳಿಯಲಿಲ್ಲ. ಒಂದನ್ನು ಮೇಣದ ಹುಳು ತಿಂದಿತು, ಒಂದು ಹಾರಿಹೋಯಿತು, ಒಂದರ ರಾಣಿ ಸತ್ತಿತು. ಖಾಲಿ ಪೆಟ್ಟಿಗೆಗಳು ಮಳೆಗೆ ಕೊಳೆತು ಒಲೆಗೆ ಹೋದವು. ಕೊನೆಗೆ ಉಳಿದದ್ದು ಒಂದೇ ಗೂಡು. ಆ ಪೆಟ್ಟಿಗೆ ಖಾಲಿಯಾದರೆ ಮತ್ತೆ ಮಂಚ ತುಂಬುತ್ತದೆ ಎಂಬುದು ಇಸ್ತ್ರಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಮಲಗಿದರೆ ಏಳುವವರಲ್ಲ.

ಆ ಪೆಟ್ಟಿಗೆಗೇ ಗೆದ್ದಲು ಬಂತು. ಅಡಿಮಣೆಯನ್ನು ಸವರುತ್ತಿದ್ದ ಅಚ್ಚಿನಯ್ಯನವರ ಹೆಬ್ಬೆರಳು ಒಂದು ದಿನ ಮರದೊಳಗೇ ಇಳಿಯಿತು.

“ಹದಿನೈದು ದಿನ ತಡೆಯುತ್ತೆ” ಎಂದರು. “ಅಷ್ಟರಲ್ಲಿ ಬೇರೆ ಪೆಟ್ಟಿಗೆ ಸಿಗದಿದ್ದರೆ ಇರುವೆ ನುಗ್ಗುತ್ತೆ. ಇವು ಗಂಟು ಮೂಟೆ ಕಟ್ಟುತ್ತವೆ.”

ಹೊಸ ಪೆಟ್ಟಿಗೆ ಮಾಡುವ ಕಡೆ ವಿಚಾರಿಸಿದರೆ ಎರಡು ತಿಂಗಳು ಕಾಯಬೇಕೆಂದರು. ನದಿಯಾಚೆಯ ಬಡಾವಣೆಯಲ್ಲಿ ಅಂಚೆಯವನೊಬ್ಬ ಜೇನು ಸಾಕುತ್ತಿದ್ದ. ಅವನು ತೀರಿಕೊಂಡ ಮೇಲೆ ಹೆಂಡತಿ ಹಳೆಯ ಪೆಟ್ಟಿಗೆಗಳನ್ನು ಮಾರುತ್ತಿದ್ದಾಳೆ ಎಂದು ತಿಳಿಯಿತು. ಹೊರಡುವಾಗ ಅಚ್ಚಿನಯ್ಯ ಹೆಂಡತಿಯನ್ನು ಕೂರಿಸಿ ಹೇಳಿದರು:

“ಹಳೇ ಪೆಟ್ಟಿಗೆ ಹೇಗಿರುತ್ತೋ ಹಾಗೇ ತಾ. ತೊಳೀಬೇಡ. ಒಂದು ಹನಿ ನೀರು ಸೋಕಿಸಬೇಡ. ಮೊದಲು ನನ್ನ ಮೂಗಿಗೆ ಕೊಡು, ಬೆರಳಿಗೆ ಕೊಡು. ಆಮೇಲೆ ನಿನ್ನ ಸೋಪು ಸೋಡಾ ಎಲ್ಲ.”

“ಕೊಳಕು ಪೆಟ್ಟಿಗೆ ಮೂಸಿ ನೋಡೋದು ಅದ್ಯಾವ ಚಟ ರೀ?”

“ಚಟ ಅಲ್ಲ ಕಣೇ. ಕೊಳೆ ಅಂದ್ರೆ ಅಚ್ಚಿನ ಮೊದಲ ಪ್ರೂಫ್ ಇದ್ದ ಹಾಗೆ. ತಪ್ಪು ಎಲ್ಲಿದೆ ಅಂತ ಅದರಲ್ಲೇ ಕಾಣಬೇಕು. ಗೂಡು ಯಾಕೆ ಸತ್ತಿತು ಅಂತ ಆ ಕೊಳೆ ಹೇಳುತ್ತೆ.”

“ಆಯ್ತು ಮಾರಾಯರೇ, ಮೂಸಿ” ಎಂದು ಆಕೆ ಹೊರಟಳು.

ಅಂಚೆಯವನ ಹೆಂಡತಿ ತಗಡಿನ ಕೊಟ್ಟಿಗೆಯೊಂದರ ಬೀಗ ತೆಗೆದಳು. ಆರು ಪೆಟ್ಟಿಗೆಗಳು, ಮೇಲೊಂದು ಮೇಲೊಂದು. ಜೇಡರ ಬಲೆ, ಇಲಿಯ ಹಿಕ್ಕೆ, ಮೂಲೆಗಳಲ್ಲಿ ಮೇಣದ ಹುಳುವಿನ ಬಿಳಿ ನೂಲು. ಗೋಡೆಯ ಮೊಳೆಗೆ ತೂಗಿದ, ನೊಣಗಳನ್ನು ಸುಮ್ಮನಾಗಿಸಲು ಹೊಗೆಯೂದುವ ಹೊಗೆತಿದಿ, ಮುಖದ ಪರದೆ, ಎರಿ ಎತ್ತುವ ಕಬ್ಬಿಣದ ಪಟ್ಟಿ. ಚೌಕಟ್ಟುಗಳಲ್ಲಿ ನೊಣಗಳು ಕಟ್ಟಿದ ಮೇಣದ ಎರಿಗಳು ಕಂದುಬಣ್ಣಕ್ಕೆ ತಿರುಗಿ ಹಾಗೇ ಇದ್ದವು.

“ನೋಡೋಕೇ ನಾಚಿಕೆಯಾಗುತ್ತೆ ಕಣಮ್ಮ” ಎಂದಳು ಆಕೆ. “ಹೋದ ವರ್ಷ ಇವರಿಗೆ ಹುಷಾರಿಲ್ಲದಾಗ ನೊಣಗಳೂ ಹೋದವು. ತೊಳೆದಿಡಬೇಕಿತ್ತು. ಮನಸ್ಸೇ ಬರಲಿಲ್ಲ.”

“ತೊಳೆಯೋದನ್ನ ನನಗೆ ಬಿಡಿ” ಎಂದಳು ಇಸ್ತ್ರಿಯಮ್ಮ. ಆ ಮಾತು ಬಾಯಿಂದ ಬಂದಾಗ ಗಂಡನ ಮಾತು ನೆನಪಿಗೆ ಬರಲಿಲ್ಲವೆಂದಲ್ಲ.

ಎರಡು ಪೆಟ್ಟಿಗೆಗಳನ್ನೂ ಎರಿ ಚೆನ್ನಾಗಿದ್ದ ನಾಲ್ಕು ಚೌಕಟ್ಟುಗಳನ್ನೂ ಹೊಗೆತಿದಿ, ಪರದೆಗಳನ್ನೂ ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಬಂದಳು. ಕಟ್ಟಿದ ಎರಿ ಸಿಕ್ಕರೆ ನೊಣಗಳಿಗೆ ಒಂದು ತಿಂಗಳ ದುಡಿಮೆ ಉಳಿಯುತ್ತದೆ ಎಂದು ಗಂಡನೇ ಹೇಳಿದ್ದರು. ಮನೆ ಮುಟ್ಟಿದಾಗ ಅಚ್ಚಿನಯ್ಯ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಗಾಡಿಯಿಂದ ಇಳಿಸಿದ್ದನ್ನೆಲ್ಲ ಹಿತ್ತಲ ನಲ್ಲಿಯ ಬಳಿ ಇಟ್ಟು ನೋಡಿದಳು. ಇಲಿ ಓಡಾಡಿದ ವಸ್ತು. ಇದನ್ನು ಕಣ್ಣಿಲ್ಲದ ಗಂಡನ ಮೂಗಿಗೆ ಹಿಡಿಯುವುದೇ? ಊರಿನವರ ಬಟ್ಟೆಯೇ ಕೊಳೆಯಾಗಿ ತನ್ನ ಕೈಯಿಂದ ಹೊರಗೆ ಹೋಗುವುದಿಲ್ಲ. ಮನೆಯ ಯಜಮಾನರ ಕೈಗೆ ಹೋಗಬೇಕೇ?

ಅವರು ಎದ್ದಾಗ, “ಪೆಟ್ಟಿಗೆ ನಾಡಿದ್ದು ಕೊಡ್ತಾರಂತೆ ರೀ” ಎಂದಳು.

ಆ ಎರಡು ದಿನ ಆಕೆ ಮಾಡಿದ ಕೆಲಸವನ್ನು ಕಂಡಿದ್ದರೆ ಯಾರಾದರೂ ಮೆಚ್ಚಬೇಕು. ಮೇಣವನ್ನೂ ಜೇನಂಟನ್ನೂ ಉಳಿಯಿಂದ ಕೆರೆದಳು. ಹಂಡೆಯಲ್ಲಿ ಸೋಡಾ ನೀರು ಕುದಿಸಿ, ಪೆಟ್ಟಿಗೆಗಳನ್ನು ಅದರಿಂದ ತೋಯಿಸಿ, ತೆಂಗಿನ ನಾರಿನ ಬ್ರಷ್ಷಿನಿಂದ ಮೂಲೆ ಮೂಲೆ ಉಜ್ಜಿದಳು. ಪರದೆಯನ್ನು ಬಿಳಿ ಬಟ್ಟೆಯೊಂದಿಗೆ ಬೇಯಿಸಿದಳು. ಹೊಗೆತಿದಿಯ ತಗಡನ್ನು ಮುಖ ಕಾಣುವಂತೆ ಬೆಳಗಿದಳು. ಬಿಸಿಲಲ್ಲಿ ಒಣಗಿಸಿ, ಸಂದುಗಳ ಮೇಲೆಲ್ಲ ಕಾದ ಇಸ್ತ್ರಿ ಒತ್ತಿದಳು. ತೊಂದರೆ ಕೊಟ್ಟದ್ದು ಎರಿಗಳು. ಅವುಗಳ ಆರು ಮೂಲೆಯ ಪುಟ್ಟ ಕಣಗಳ ತಳದಲ್ಲಿ ಕರಿಯ ಸಿಪ್ಪೆಯಂಥ ಕೊಳೆ ಅಂಟಿತ್ತು. ಉಗುರುಬೆಚ್ಚನೆಯ ನೀರು ಹಾಕಿದಳು, ಬಿಡಲಿಲ್ಲ. ಬಡಿದಳು, ಬೀಳಲಿಲ್ಲ. “ಎಲ್ಲಿಗೆ ಓಡ್ತೀಯೋ ನೋಡ್ತೀನಿ ಬಾ” ಎಂದು ತಲೆಪಿನ್ನು ಬಿಚ್ಚಿ, ಎರಡು ಮಧ್ಯಾಹ್ನ ಬಾಗಿ ಕುಳಿತು, ಒಂದೊಂದು ಕಣದಿಂದಲೂ ಆ ಸಿಪ್ಪೆಯನ್ನು ಮೀಟಿ ತೆಗೆದಳು. ಕುತ್ತಿಗೆ ಹಿಡಿದುಕೊಂಡಿತು. ಎರಿ ಹರಿಯಲಿಲ್ಲ.

ಮೂರನೆಯ ದಿನ ಪೆಟ್ಟಿಗೆಯನ್ನು ಗಂಡನ ಮುಂದಿಟ್ಟಳು. ಅವರು ಮೂಸಿದರು.

“ಸೋಡಾ ವಾಸನೆ. ತೊಳೆದೆಯಾ?”

“ಧೂಳು ಒರೆಸಿದೆ ಅಷ್ಟೆ.”

ಬೆರಳುಗಳು ಒಳಗೋಡೆಯ ಮೇಲೆ ಸುತ್ತಿ ಬಂದವು. “ಎರಿಯೊಳಗೆ ಏನಾದ್ರೂ ಇತ್ತಾ? ಕಣಗಳ ತಳದಲ್ಲಿ, ಕರಿ ಸಿಪ್ಪೆ ಥರದ್ದು?”

“ಏನಿಲ್ಲ” ಎಂದಳು. ನೋಡಿದರೆ ಸುಳ್ಳೂ ಅಲ್ಲ, ಆಗ ಇರಲಿಲ್ಲ. ತೆಗೆದ ಕಲೆಯ ಮಾತೆತ್ತಿ ಅಭ್ಯಾಸವಿಲ್ಲದ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

ಅಂದು ಸಂಜೆಯೇ ನೊಣಗಳನ್ನು ಹೊಸ ಮನೆಗೆ ಸಾಗಿಸಿದರು. ಗೆದ್ದಲು ತಿಂದ ಪೆಟ್ಟಿಗೆ ಒಡೆದು ಒಲೆಗೆ ಹೋಯಿತು. ಐದು ವಾರ ಆ ಮನೆಯಲ್ಲಿ ಸುಖವಿತ್ತು. ಅಚ್ಚಿನಯ್ಯ ತಾರಸಿಯಿಂದ ಇಳಿಯುವುದೇ ಅಪರೂಪವಾಯಿತು. “ನಿಮ್ಮ ಯಜಮಾನರು ಎಲ್ಲಮ್ಮ?” ಎಂದು ನಾನು ಬಟ್ಟೆ ಕೊಡಲು ಹೋದಾಗ ಕೇಳಿದರೆ, “ಮೇಲೆ, ಸವತಿಯ ಮನೇಲಿ. ಸಾವಿರಾರು ಸವತಿಯರು ಮೇಷ್ಟ್ರೇ, ನಾನೊಬ್ಬಳು ಯಾವ ಲೆಕ್ಕ” ಎಂದು ನಕ್ಕಿದ್ದಳು.

ಆರನೆಯ ವಾರ ಅವರು ಮೆಟ್ಟಿಲ ಮೇಲಿಂದ ಕೂಗಿ ಕೇಳಿದರು: “ಹತ್ತಿರದಲ್ಲಿ ಯಾರಾದ್ರೂ ಪುಸ್ತಕ ಬೈಂಡ್ ಮಾಡ್ತಿದ್ದಾರೇನೇ?”

“ಈ ಬೀದೀಲಿ ಪುಸ್ತಕ ಓದೋರೇ ಮೇಷ್ಟ್ರೊಬ್ಬರು. ಬೈಂಡ್ ಮಾಡೋರು ಯಾರ್ರೀ?”

“ಅಂಟು ಕಾಯಿಸೋ ವಾಸನೆ ಬರ್ತಿದೆ. ನಮ್ಮ ಬೈಂಡಿಂಗ್ ಕೋಣೇಲಿ ತಳ ಹಿಡಿದ ಅಂಟು ಇರುತ್ತಿತ್ತಲ್ಲ, ಹಾಗೆ.”

ಆಕೆ ಒದ್ದೆ ಕೈ ಒರೆಸಿಕೊಂಡು ಮೇಲೆ ಹೋದಳು. ಆಕೆಯ ಮೂಗಿಗೆ ಸೋಪಿನ ವಾಸನೆ ಬಿಟ್ಟು ಏನೂ ತಿಳಿಯಲಿಲ್ಲ. ಅಚ್ಚಿನಯ್ಯ ತಾರಸಿಯ ನಾಲ್ಕು ಮೂಲೆಗೂ ಹೋಗಿ ಮೂಸಿದರು. ಕೊನೆಗೆ ಪೆಟ್ಟಿಗೆಯ ಬಾಗಿಲ ಬಳಿ ಮಂಡಿಯೂರಿದರು. ಬಹಳ ಹೊತ್ತು ಏಳಲಿಲ್ಲ.

“ಬೆಂಕಿಕಡ್ಡಿ ತಾ” ಎಂದರು.

ಪರದೆ ಹಾಕಿಕೊಂಡು ಆಕೆ ನಡುವಿನ ಎರಿಯೊಂದನ್ನು ಎತ್ತಿದಳು. ಅವರು ಹೇಳುತ್ತ ಹೋದರು, ಆಕೆ ಮಾಡುತ್ತ ಹೋದಳು.

“ಮರಿ ಇರೋ ಕಣಗಳ ಮುಚ್ಚಳ ಒಳಕ್ಕೆ ಕುಸಿದಿದೆಯಾ ನೋಡು. ಸೂಜಿ ಚುಚ್ಚಿದ ಹಾಗೆ ತೂತು ಇರಬೇಕು.”

“ಇದೆ.”

“ಎಷ್ಟು?”

“ಹತ್ತು. ಇಲ್ಲ ರೀ, ಹದಿನೈದು ಇಪ್ಪತ್ತು ಇದೆ.”

“ಒಂದರೊಳಗೆ ಕಡ್ಡಿ ಇಳಿಸು. ತಿರುಗಿಸು. ಮೆಲ್ಲಗೆ ಹೊರಕ್ಕೆ ಎಳಿ. ಎಳೆ ಬರ್ತಿದೆಯಾ?”

ಕಡ್ಡಿಯ ತುದಿಯೊಂದಿಗೆ ಕಾಫಿಬಣ್ಣದ ಲೋಳೆಯೊಂದು ಹೊರಬಂತು. ಎರಡು ಬೆರಳು ಉದ್ದ ನೂಲಿನಂತೆ ಎಳೆದುಕೊಂಡು, ಕಡಿದು, ಹಿಂದಕ್ಕೆ ಬಿತ್ತು.

“ಏನೇ? ಎಳೆ ಬಂತಾ?”

“ಬಂತು.”

ಅಚ್ಚಿನಯ್ಯ ತಾರಸಿಯ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು. “ಆ ಹಳೇ ಎರಿಗಳಲ್ಲಿ ಕರಿ ಸಿಪ್ಪೆ ಇತ್ತು” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

“ಇತ್ತು ರೀ. ನಾನೇ ತೆಗೆದೆ.”

“ಯಾವುದರಲ್ಲಿ?”

“ತಲೆಪಿನ್ನಲ್ಲಿ. ಎರಡು ಮಧ್ಯಾಹ್ನ ಕೂತ್ಕೊಂಡು. ನಾಲ್ಕೂ ಎರಿ.”

ಅವರು ನಗತೊಡಗಿದರು. ಆ ನಗುವಿಗಿಂತ ಹೊಡೆದಿದ್ದರೆ ಮೇಲಾಗಿತ್ತು ಎಂದು ಇಸ್ತ್ರಿಯಮ್ಮ ಆಮೇಲೆ ನನ್ನೊಡನೆ ಹೇಳಿದ್ದುಂಟು. “ಎರಡು ಮಧ್ಯಾಹ್ನ! ಅದನ್ನ ಯಾರೂ ತೆಗೆಯೋಕಾಗಲ್ಲ ಕಣೇ. ಕೆರೆದರೂ ಬಿಡಲ್ಲ ಅನ್ನೋದೇ ಅದರ ಗುರುತು. ಆ ಗುರುತು ನೋಡೇ ಎಲ್ಲರೂ ಪೆಟ್ಟಿಗೆ ಕೊಳ್ಳದೆ ಓಡಿಹೋಗ್ತಾರೆ. ನೀನು ಅದನ್ನೂ ತೆಗೆದುಬಿಟ್ಟೆ! ನಿನ್ನಂಥ ಕೆಲಸದವಳು ಲೋಕದಲ್ಲಿ ಇಲ್ಲ.”

ಆಮೇಲೆ, ನಗು ನಿಂತ ಮೇಲೆ, ಹೇಳಿದರು. ಆ ಸಿಪ್ಪೆಗಳು ಕೊಳೆತು ಒಣಗಿದ ಮರಿಗಳು. ಅಂಚೆಯವನ ನೊಣಗಳು ಈ ರೋಗಕ್ಕೇ ಹೋಗಿರಬೇಕು. ಸಿಪ್ಪೆ ಹೋದರೂ ರೋಗದ ಬೀಜ ಮೇಣದಲ್ಲಿ, ಮರದಲ್ಲಿ ಹತ್ತಾರು ವರ್ಷ ಕುಳಿತಿರುತ್ತದೆ. ಆಕೆಯ ಸೋಡಾ ನೀರಿಗೂ ಬಿಸಿಲಿಗೂ ಅದು ಸಾಯುವುದಿಲ್ಲ. ಗೂಡು ಬಡವಾದ ಮೇಲೆ ಬೇರೆ ಕಡೆಯ ನೊಣಗಳು ಜೇನು ಕದಿಯಲು ಬರುತ್ತವೆ. ಜೇನಿನೊಂದಿಗೆ ರೋಗವನ್ನೂ ಹೊತ್ತೊಯ್ಯುತ್ತವೆ.

“ಹಾಗಾದ್ರೆ?”

“ಹಿತ್ತಲಲ್ಲಿ ಗುಂಡಿ ತೋಡಿ ಸುಡಬೇಕು. ನೊಣ ಸಮೇತ.”

ಕೆಳಗಿಳಿದರು. ದಾರಿ ತೋರಿಸಲು ಆಕೆ ಹಿಡಿದ ಕೈಯನ್ನು ಬಿಡಿಸಿಕೊಂಡರು. ಮಂಚದ ಮೇಲೆ ಮಲಗಿ ಗೋಡೆಯ ಕಡೆ ಹೊರಳಿದರು.

ಮುಂದಿನ ಎರಡು ದಿನ ಇಸ್ತ್ರಿಯಮ್ಮನ ಬಾಗಿಲು ತೆರೆಯಲಿಲ್ಲ. ಬಟ್ಟೆ ಕೊಡಲು ಬಂದವರು ಬಡಿದು ಹಿಂದಿರುಗಿದರು. ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಆರುತ್ತಿತ್ತು. ಮಾತಿಗೆ ಹೂಂ ಕೂಡ ಇಲ್ಲ. ಆಕೆ ಹಿತ್ತಲಿಗೆ ಹೋಗಿ ಗುಂಡಿ ತೋಡಿದಳು. ಮೇಲೆ ಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ನೊಣಗಳು ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಬಂದು ಬಂದು ಇಳಿಯುತ್ತಿದ್ದವು. ಸೀಮೆಎಣ್ಣೆಯ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಇಳಿದುಬಂದಳು. ಮರುದಿನವೂ ಅದೇ ಆಯಿತು.

ಎರಡನೆಯ ದಿನ ಸಂಜೆ ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕುಳಿತು ಗಂಡನ ಬೆನ್ನಿಗೆ ಹೇಳಿದಳು: “ನನ್ನನ್ನ ಬೈಯಿರಿ. ಮನೆ ಬಿಟ್ಟು ಹೋಗು ಅನ್ನಿ. ಆದರೆ ಗೋಡೆ ನೋಡ್ಬೇಡಿ. ಆ ಗೋಡೇಲಿ ಏನಿದೆ ರೀ? ಬೇರೆ ಒಂದು ದಾರಿ, ಎಷ್ಟೇ ಕಷ್ಟದ್ದಾಗಲಿ, ಇದ್ರೆ ಹೇಳಿ. ಇಲ್ಲ ಅಂದ್ರೆ ಇಲ್ಲ ಅಂತಾದ್ರೂ ಬಾಯಿ ಬಿಟ್ಟು ಹೇಳಿ.”

ಗೋಡೆಯಿಂದ ಬಂದಂತೆ ಮಾತು ಬಂತು.

“ನೊಣಗಳಲ್ಲಿ ರೋಗ ಇಲ್ಲ. ರೋಗ ಇರೋದು ಮರಿಗೆ, ಎರಿಗೆ, ಜೇನಿಗೆ. ನೊಣ ಮಾತ್ರ ಕೊಡವಿ ಬೇರೆ ಪೆಟ್ಟಿಗೆಗೆ ಹಾಕಿ, ಎರಡು ದಿನ ಉಪವಾಸ ಕೆಡವಬೇಕು. ಹೊಟ್ಟೆಯಲ್ಲಿರೋ ಜೇನು ಮುಗಿಸಬೇಕು. ಆಮೇಲೆ ಸೊನ್ನೆಯಿಂದ ಕಟ್ಟಬೇಕು. ನೂರಕ್ಕೆ ಐವತ್ತು ಸಾಯುತ್ತವೆ.”

“ಐವತ್ತು ಉಳಿಯುತ್ತಲ್ಲ!”

“ಪೆಟ್ಟಿಗೆ ಎಲ್ಲಿದೆ? ಜೇನು ಸೋಕದ ಮರ ಬೇಕು. ಹಸಿ ಮರ ಆಗಲ್ಲ, ಸೊಟ್ಟಗಾಗುತ್ತೆ. ಬಣ್ಣ ವಾರ್ನಿಷು ಆಗಲ್ಲ, ವಾಸನೆಗೆ ಹಾರಿಹೋಗ್ತವೆ. ನಾಡಿದ್ದಿನೊಳಗೆ ಬೇಕು. ಎಲ್ಲಿಂದ ತರ್ತೀಯ? ಮಲಗು ಹೋಗು.”

ಆಕೆ ಮಲಗಲು ಹೋಗಲಿಲ್ಲ. ಎದ್ದು ಎದುರು ಮನೆಯ ಬಡಗಿಯನ್ನು ಕರೆತಂದಳು. ಮುಂದಿನ ಕೋಣೆಯಲ್ಲಿ ಮೇಜಿನ ಹೊದಿಕೆ ಎಳೆದು, ಕಂಬಳಿ ಸರಿಸಿ, ಹಲಗೆಗಳನ್ನು ತಟ್ಟಿ ತೋರಿಸಿದಳು.

“ಇದರಲ್ಲಿ ಒಂದು ಜೇನುಪೆಟ್ಟಿಗೆ, ಹತ್ತು ಚೌಕಟ್ಟು ಆಗುತ್ತಾ ನೋಡಣ್ಣ.”

ಬಡಗಿ ಆಕೆಯ ಮುಖ ನೋಡಿದ. “ಅಕ್ಕಾ, ಹುಷಾರಾಗಿದ್ದೀರಾ? ಇಂಥ ಮರ ಈಗ ದುಡ್ಡು ಸುರಿದರೂ ಸಿಗಲ್ಲ. ಇದನ್ನ ಕುಯ್ದರೆ ನೀವು ಯಾವುದರ ಮೇಲೆ ಇಸ್ತ್ರಿ ಮಾಡ್ತೀರಿ?”

“ನಿನ್ನ ಬೆನ್ನಿನ ಮೇಲೆ. ಆಗುತ್ತೋ ಇಲ್ವೋ ಅಷ್ಟು ಹೇಳು.”

“ಆಗುತ್ತೆ. ಆದ್ರೆ ಕೈ ಬರಲ್ಲ ಅಕ್ಕ. ನಿಮ್ಮ ಅತ್ತೆ ಇದ್ದಿದ್ರೆ ನನ್ನ ಕೈ ಕಡೀತಿದ್ರು.”

“ಅವರು ಇದ್ದಿದ್ರೆ ಮಗ ಗೋಡೆಗೆ ಮುಖ ಹಾಕಿ ಮಲಗಿರೋದನ್ನ ನೋಡಿ ತಾವೇ ಗರಗಸ ಹಿಡೀತಿದ್ರು. ನಡಿ, ಶುರು ಮಾಡು.”

ಹಿಂದಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅವರು ಹೊರಳಿದರೋ ಏನೋ.

ಮರುದಿನ ಬೆಳಗ್ಗೆ ಗರಗಸದ ಸದ್ದಿಗೆ ಮೇಜು ನಾಲ್ಕು ಭಾಗವಾಗುವಾಗ ಆಕೆ ಮನೆಯಲ್ಲಿ ಇರಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಬೇರೆ ಯಾರೂ ಕೊಳ್ಳುವ ಮುನ್ನ ತಿಳಿಸಬೇಕೆಂದು ಅಂಚೆಯವನ ಹೆಂಡತಿಯ ಬಳಿಗೆ ನಡೆದು ಹೋಗಿದ್ದಳು. ಆ ಹೆಂಗಸು ಕೇಳಿ ಕೊಟ್ಟಿಗೆಯ ಕಡೆ ನೋಡಿದಳು. “ನನಗೇನು ಗೊತ್ತು ಕಣಮ್ಮ. ಇವರು ಮಾತು ನಿಂತ ಮೇಲೂ ಕೊಟ್ಟಿಗೆ ಕಡೆ ಕೈ ತೋರಿಸಿ ತೋರಿಸಿ ಏನೋ ಹೇಳೋಕೆ ನೋಡ್ತಿದ್ರು. ಪೆಟ್ಟಿಗೆ ಜೋಪಾನ ಅಂತಿದ್ದಾರೆ ಅಂದ್ಕೊಂಡೆ.” ಇಬ್ಬರೂ ಸೇರಿ ಉಳಿದ ನಾಲ್ಕು ಪೆಟ್ಟಿಗೆಗಳನ್ನು ಹೊರಗೆಳೆದು ಸುಟ್ಟರು.

ಸಂಜೆಗೆ ಪೆಟ್ಟಿಗೆ ಸಿದ್ಧವಾಯಿತು. ಆಕೆ ಅದನ್ನು ತೊಳೆಯಲಿಲ್ಲ, ಒರೆಸಲೂ ಇಲ್ಲ. ಹಾಗೇ ತಂದು ಮಂಚದ ಮೇಲೆ, ಗಂಡನ ಬೆನ್ನಿನ ಪಕ್ಕ ಇಟ್ಟಳು.

“ನಿಮ್ಮ ಮೂಗಿಗೆ ಮೊದಲು” ಎಂದಳು.

ಅವರು ತಡವಾಗಿ ಹೊರಳಿದರು. ಬೆರಳುಗಳು ಅಂಚಿನ ಮೇಲೆ ನಡೆದವು, ಸಂದಿನಲ್ಲಿ ನಿಂತವು. ಒಂದು ಕಡೆ ಇಸ್ತ್ರಿಯ ಮೂತಿ ಸುಟ್ಟ ಗುರುತು ಸಿಕ್ಕಿತು. ಅವರು ಚಿಕ್ಕವರಿದ್ದಾಗ ಅಮ್ಮನ ಕಣ್ಣು ತಪ್ಪಿಸಿ ಕಾದ ಇಸ್ತ್ರಿ ಇಟ್ಟು ಮಾಡಿದ ಗುರುತು. ಹೆಬ್ಬೆರಳು ಆ ತಗ್ಗಿನಲ್ಲಿ ಹೋಗಿ ಬಂದು ಮಾಡಿತು.

“ಕಪಾಟಿನ ಮೇಲಿನ ಟ್ರಂಕಿನಲ್ಲಿ ಮೇಣದ ಹಾಳೆ ಇದೆ. ಬಿಚ್ಚದ ಪೊಟ್ಟಣ. ಚೌಕಟ್ಟಿಗೆ ಅಂಟಿಸು” ಎಂದು ಕಾಲು ಕೆಳಗಿಳಿಸಿದರು.

ಕತ್ತಲಾಗುವ ಮೊದಲು, ನೊಣಗಳೆಲ್ಲ ಮನೆ ಸೇರುವ ಹೊತ್ತಿನಲ್ಲಿ, ತಾರಸಿಯ ಮೇಲೆ ಆ ಕೆಲಸ ನಡೆಯಿತು. ಅಚ್ಚಿನಯ್ಯ ಹೊಸ ಪೆಟ್ಟಿಗೆಯನ್ನು ಎರಡು ತೋಳಿನಿಂದ ತಬ್ಬಿ ಹಿಡಿದರು. ಆಕೆ ಒಂದೊಂದೇ ಎರಿ ಎತ್ತಿ ಅದರೊಳಕ್ಕೆ ಕೊಡವಿದಳು. ಅಕ್ಕಿ ಸುರಿದಂತೆ ನೊಣಗಳು ಬಿದ್ದವು. “ರಾಣಿ ಬಿತ್ತಾ?” ಎಂದು ಅವರು, “ನನಗೇನು ಗೊತ್ತು, ಕಿರೀಟ ಇಟ್ಕೊಂಡಿದ್ರೆ ಹೇಳ್ತಿದ್ದೆ” ಎಂದು ಆಕೆ. ಅವರ ಮಣಿಕಟ್ಟಿನ ಮೇಲೆ ಒಂಬತ್ತು ಕಡೆ ಚುಚ್ಚಿದವು, ಅವರು ಕೈ ಬಿಡಲಿಲ್ಲ. ಜಾಲರಿ ಮುಚ್ಚಿ, ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ತಂಪಿನಲ್ಲಿ ಇಟ್ಟರು. ಹಳೆಯ ಪೆಟ್ಟಿಗೆಗಳು, ಎರಿ, ಮುಚ್ಚಳದೊಳಗಿನ ಮರಿ, ಜೇನು, ಹೊಳೆಯುವ ಹೊಗೆತಿದಿ, ಕೊನೆಗೆ ಪರದೆ, ಎಲ್ಲ ಗುಂಡಿಗೆ ಹೋದವು. ಮೇಣ ಹೊತ್ತಿ ಉರಿದಾಗ ಹಿತ್ತಲೆಲ್ಲ ಹಬ್ಬಿದ ಪರಿಮಳವನ್ನು ಆಕೆ ತಡೆಯಲಾರದೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಉಪವಾಸದ ಎರಡು ದಿನ ಅಚ್ಚಿನಯ್ಯ ಮೆಟ್ಟಿಲ ಕೆಳಗೇ ಕುಳಿತರು. ಮೊದಲ ದಿನ ಪೆಟ್ಟಿಗೆಯೊಳಗೆ ಕಾದ ಎಣ್ಣೆಯಂಥ ಸದ್ದು. ಮರುದಿನ ಅದು ನರಳಿಕೆಯಾಯಿತು. “ರಾಣಿ ಇಲ್ಲದ ಗೂಡು ಹೀಗೆ ಅಳುತ್ತೆ” ಎಂದರು. ಆಕೆ ಪಕ್ಕದಲ್ಲಿ ಕುಳಿತಳು. ಮಧ್ಯಾಹ್ನ ದಾಟಿದ ಮೇಲೆ ಸದ್ದು ಇನ್ನೂ ಇಳಿಯಿತು. ಜಾಲರಿಗೆ ಕಿವಿ ಒತ್ತಿದರೆ ಮಾತ್ರ ಕೇಳುವಷ್ಟು. ತಳದಲ್ಲಿ ಬೊಗಸೆಯಷ್ಟು ನೊಣ ಸತ್ತು ಬಿದ್ದಿದ್ದವು. ಮೂರನೆಯ ಬೆಳಗ್ಗೆ ಸಕ್ಕರೆ ಪಾಕ ಇಟ್ಟು, ಪೆಟ್ಟಿಗೆಯನ್ನು ತಾರಸಿಗೆ ಸಾಗಿಸಿ, ಜಾಲರಿ ತೆಗೆದರು. ಹೊರಗೆ ಬಂದ ನೊಣಗಳನ್ನು ಆಕೆ ಎಣಿಸಬಹುದಿತ್ತು.

ನಾಲ್ಕು ವಾರ ಹೋಯಿತು. ಆಕೆ ನೆಲದ ಮೇಲೆ ಕಂಬಳಿ ಹಾಸಿ, ಮಂಡಿಯೂರಿ ಇಸ್ತ್ರಿ ಮಾಡತೊಡಗಿದ್ದಳು. ಅಷ್ಟು ಬಾಗಿ ಒತ್ತಿದರೂ ನಮ್ಮ ಅಂಗಿಗಳ ಮಡಿಕೆ ಮೊದಲಿನಂತೆ ಕೂರುತ್ತಿರಲಿಲ್ಲ. ಬೀದಿಯವರು ಯಾರೂ ಆ ಮಾತೆತ್ತಲಿಲ್ಲ. ರಾಣಿ ಉಳಿದಿತ್ತು, ಎರಿ ಮತ್ತೆ ಏಳುತ್ತಿತ್ತು, ಅಂಗೈ ಅಗಲ. ಅದರಲ್ಲಿ ಮರಿಗಳಿಗೆ ಮುಚ್ಚಳ ಬಿದ್ದಿದೆ ಎಂದು ಆಕೆ ಹೇಳಿದ ದಿನ, ಅಚ್ಚಿನಯ್ಯ ಬೆಂಕಿಕಡ್ಡಿ ಕೇಳಿದರು.

ಒಂದು ಕಣಕ್ಕೆ ಕಡ್ಡಿ ಇಳಿಸಿದಳು. ತಿರುಗಿಸಿದಳು. ಎಳೆದಳು.

“ಎಳೆ ಬಂತಾ?”

“ಇಲ್ಲ.”

“ಇನ್ನೊಂದು.”

“ಇಲ್ಲ ರೀ.”

“ಇನ್ನೊಂದು.”

“ಇಲ್ಲ ಅಂದ್ರೆ ಇಲ್ಲ! ಪಾಪದ ಮರಿಗಳನ್ನೆಲ್ಲ ಚುಚ್ಚಿ ಸಾಯಿಸಲಾ?”

“ಆವತ್ತೂ ಏನಿಲ್ಲ ಅಂದಿದ್ದೆ” ಎಂದರು ಮೆಲ್ಲಗೆ.

ಆಕೆ ನಾಲ್ಕನೆಯ ಕಣಕ್ಕೆ ಕಡ್ಡಿ ಇಳಿಸಿ ತಿರುಗಿಸಿ, ಹೊರಕ್ಕೆ ಎಳೆಯದೆ, ಗಂಡನ ಕೈ ಹಿಡಿದು ಆ ಕಡ್ಡಿಯನ್ನು ಅವರ ಬೆರಳುಗಳ ನಡುವೆ ಇಟ್ಟಳು. ಅವರೇ ಎಳೆದರು. ತುದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು, ಒಂದು ಕಾಲದಲ್ಲಿ ಅಕ್ಷರ ಹುಡುಕುತ್ತಿದ್ದಂತೆ ತಿಕ್ಕಿದರು. ಬೆರಳುಗಳನ್ನು ದೂರ ಮಾಡಿದರು, ಮತ್ತೆ ಕೂಡಿಸಿದರು. ತೇವವಿತ್ತು. ಎಳೆ ಇರಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದರು.

“ಈಗ ಇಲ್ಲ” ಎಂದರು. “ಮಳೆಗಾಲ ದಾಟೋವರೆಗೂ ವಾರಕ್ಕೊಂದು ಸಲ ನೋಡಬೇಕು. ಮತ್ತೆ ಬಂದರೂ ಬರಬಹುದು.”

“ನೋಡೋಣ.”

ಪೆಟ್ಟಿಗೆಯ ಬಾಗಿಲ ಮುಂದೆ ಸತ್ತ ನೊಣಗಳು, ಮೇಣದ ಹುಡಿ, ಒಣಗಿದ ಎಲೆ ಬಿದ್ದಿದ್ದವು. ಆಕೆಯ ಕೈ ತಾನಾಗಿಯೇ ಮೂಲೆಯ ಪೊರಕೆಗೆ ಹೋಯಿತು. ಪೊರಕೆ ನೆಲಕ್ಕೆ ಸೋಕಿದ ಸದ್ದಿಗೆ ಅಚ್ಚಿನಯ್ಯ ತಲೆ ತಿರುಗಿಸಿದರು.

ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. ಗಂಡನ ಪಕ್ಕ ಕುಳಿತು, ಎರಡು ಕೈಯನ್ನೂ ಮಂಡಿಯ ಸಂದಿನಲ್ಲಿ ಸಿಕ್ಕಿಸಿಕೊಂಡು, ಆ ಕಸವನ್ನು ನೋಡುತ್ತ ಹೇಳತೊಡಗಿದಳು: “ಸತ್ತದ್ದು ಏಳು. ಎರಡರ ರೆಕ್ಕೆ ಹರಿದಿದೆ, ಮುದಿ ಇರಬೇಕು. ಮರಿ ಯಾವುದೂ ಇಲ್ಲ. ಮೇಣದ ಹುಡಿ ಬಿಳೀದು. ಕರೀದು ಏನೂ…” ನಿಂತಳು. ಬಾಗಿ ಮತ್ತೊಮ್ಮೆ ನೋಡಿದಳು. “ಒಂದು ಕರೀದು ಇದೆ ರೀ. ತಾಳಿ. ಇದ್ದಿಲ ಚೂರು. ನನ್ನ ಸೆರಗಿಂದ ಬಿದ್ದದ್ದು.”

“ಕೊಡು ಇಲ್ಲಿ” ಎಂದು ಅವರು ಕೈ ಚಾಚಿದರು.